ಬಾಯಿ ತಗೊಂಡು ದೇವಿಕೊಪ್ಪಕ್ಕೆ

ಕುಂದಗೋಳದಿಂದ ಮುಂಜಾನೆಯ ಮೊದಲ ಬಸ್ಸಿಗೇ ಹೊರಟೆ. ಹುಬ್ಬಳ್ಳಿ, ಕಲಘಟಗಿ ದಾಟಿ ದೇವಿಕೊಪ್ಪ ಮುಟ್ಟಬೇಕಿತ್ತು. ಅಲ್ಲಿನ ಬೀಜ-ಗೊಬ್ಬರದ ಅಂಗಡಿಯ ಮಾಲೀಕ ಶಂಕ್ರಪ್ಪನವರಿಗೆ ಗಿರಾಕಿಗಳ ಜೊತೆ ಮಾತಾಡುವ, ಫೋನು ಎತ್ತುವ ಹುಡುಗ ಬೇಕಾಗಿದ್ದ. ಮಾತೇ ಕೆಲಸ ಅಂದಮೇಲೆ ನನ್ನನ್ನು ಬಿಟ್ಟರೆ ಇನ್ಯಾರು?

ಇಷ್ಟು ವರ್ಷ ಆಟೋದಲ್ಲಿ ಮೈಕು ಹಿಡಿದು ಊರೂರು ಕೂಗಿದವನು ನಾನು. ಸೀರೆ ಅಂಗಡಿಗೆ ಹೆಂಗಸಿನ ದನಿ, ದವಾಖಾನೆಗೆ ಡಾಕ್ಟರ ದನಿ, ಕೋಳಿ ಅಂಗಡಿಗೆ ಖುದ್ದು ಕೋಳಿಯದೇ ದನಿ. ಈಗ ಅಂಗಡಿಯವರು ಒಮ್ಮೆ ರೆಕಾರ್ಡು ಮಾಡಿಸಿಕೊಂಡು ಅದನ್ನೇ ತಿರುತಿರುಗಿ ಹಾಕುತ್ತಾರೆ. ನನ್ನ ದನಿ ಊರೂರು ಸುತ್ತುತ್ತದೆ. ನಾನು ಮನೆಯಲ್ಲಿ ಕೂತಿದ್ದೇನೆ.

"ಇಷ್ಟ ವರ್ಷದಾಗ ಏನ್ ಕಲ್ತಿ ಅಂತ ಕೇಳಿದ್ರ ಏನ್ ಹೇಳ್ತೀಯೋ?" ಅಂದಳು ಅಮ್ಮ, ಹೊರಡುವಾಗ. ಅದನ್ನೇ ಅವಳ ದನಿಯಲ್ಲಿ ಅಂದು ತೋರಿಸಿದೆ. ಅವಳು ನಗಲಿಲ್ಲ.

ಬಸ್ಸಿನ ಕಿಟಕಿಯಲ್ಲಿ ಕಪ್ಪು ಹೊಲಗಳು ಓಡುತ್ತಿದ್ದವು. ಕಲಿತದ್ದೇನು? ಟ್ರ್ಯಾಕ್ಟರು ಚಾಲೂ ಆಗುವುದು, ಎಮ್ಮೆ ಕರುವನ್ನು ಕರೆಯುವುದು, ಸಾಹೇಬರು ಸಹಿ ಹಾಕುವ ಮೊದಲು ಕೆಮ್ಮುವುದು, ಎಲ್ಲ ಬಾಯಿಗೆ ಬರುತ್ತದೆ. ಕೈಗೆ ಏನೂ ಬರುವುದಿಲ್ಲ. ಬಾಜು ಕೂತಿದ್ದ ಯರಗುಪ್ಪಿಯ ಅಜ್ಜಿ ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ, "ಎಲ್ಲಿಗಿ ಹೊಂಟೀಯೋ ಎಪ್ಪಾ?" ಅಂದಳು.

"ದೇವಿಕೊಪ್ಪಕ್ಕ ಬೇ."

"ನಿನಗೂ ಎಲಿ ಚಟಾ ಐತೇನು? ಹಲ್ಲ ನೋಡಿದ್ರ ಬೆಳ್ಳಗ ಅದಾವಲ್ಲೋ!"

ಗೊತ್ತಿಲ್ಲದೆ ಅವಳ ಹಾಗೇ, ಬಾಯಿ ತುಂಬ ಎಲೆ ಇದ್ದವನಂತೆ ಉತ್ತರ ಕೊಟ್ಟಿದ್ದೆ. ಇದು ನನ್ನ ರೋಗ. ಯಾರ ಎದುರು ಕೂತರೂ ಅವರ ನಾಲಗೆ ನನ್ನ ಬಾಯಿಗೆ ಬಂದುಬಿಡುತ್ತದೆ.

ಹುಬ್ಬಳ್ಳಿಯಲ್ಲಿ ಗಿರಮಿಟ್ಟು ತಿಂದೆ. ಕಲಘಟಗಿಯಲ್ಲಿ ಜಿಟಿಜಿಟಿ ಮಳೆ. ಮುಂದೆ ಟೆಂಪೋದಲ್ಲಿ ಗೋವಿನಜೋಳದ ಚೀಲಗಳ ನಡುವೆ ನಾನೂ ಒಂದು ಚೀಲವಾಗಿ ದೇವಿಕೊಪ್ಪದಲ್ಲಿ ಇಳಿದೆ.

ಶಂಕ್ರಪ್ಪನವರ ಹಣೆಯಲ್ಲಿ ವಿಭೂತಿ, ಮುಖದಲ್ಲಿ ಸಂಕೋಚ. "ಬ... ಬರ್ರಿ. ಕು... ಕುಂದಗೋಳದವ್ರಽ?"

ಇವರಿಗೆ ಮಾತಾಡುವ ಹುಡುಗ ಏಕೆ ಬೇಕಿತ್ತೆಂದು ಆಗ ತಿಳಿಯಿತು. ಆದರೆ ನನ್ನ ಬಾಯಿ ನನಗಿಂತ ಮೊದಲೇ ಓಡಿತ್ತು. "ಹೌ... ಹೌದ್ರಿ, ಕಾ... ಕಾಕಾರ."

ತಕ್ಕಡಿಯ ಕಲ್ಲು ತಲೆಗೆ ಬಂತು ಅಂದುಕೊಂಡೆ. ಅವರ ಮುಖ ಮಾತ್ರ ಅರಳಿತು. "ನಿ... ನಿನಗೂ ಐತೇನೋ ತಮ್ಮಾ?"

ತಲೆ ಆಡಿಸಿದೆ. ಅಷ್ಟು ದೊಡ್ಡ ಸುಳ್ಳನ್ನು ಮೈಕಿನಲ್ಲೂ ಹೇಳಿರಲಿಲ್ಲ.

ತಾವೇ ಹೋಗಿ ಚಹಾ ತಂದರು. "ಸಾ... ಸಾಲಿ ಬಿಟ್ಟದ್ದಽ ಇದಕ್ಕ. ಹಾ... ಹಾಜರಿ ಹೇಳಾಕ ಬರ್ತಿರಲಿಲ್ಲ. ಹು... ಹುಡುಗ್ರು ನಕ್ಕೋತ ಕೂಡ್ತಿದ್ರು." ನನ್ನ ಭುಜದ ಮೇಲೆ ಕೈಯಿಟ್ಟರು. "ಮಾ... ಮಾತಾಡಾವ ಬೇಕಂತಿದ್ದೆ. ಇ... ಇರಲಿ, ನಾಳಿಂದ ಬಾ. ಇಬ್ರೂ ಸಾ... ಸಾವಕಾಶ ಮಾತಾಡೂಣು. ಗಿರಾಕಿ ಕಾಯ್ಲಿ."

ಈ ಕೆಲಸಕ್ಕೆ ನನ್ನ ನೆಟ್ಟಗಿನ ಮಾತೊಂದೇ ಸಾಕಿತ್ತು. ಈಗ ದಿನಾಲೂ ಈ ಮನುಷ್ಯನೆದುರು ತೊದಲಬೇಕು.

ಆಗ ಫೋನು ಬಡಿದುಕೊಂಡಿತು. ಶಂಕ್ರಪ್ಪನವರು ಚೇಳು ಕಂಡವರಂತೆ ಅದನ್ನೇ ನೋಡುತ್ತ ನಿಂತರು. ಅವರ ತುಟಿ ಅದುರುತ್ತಿತ್ತು. ತಡೆಯಲಾಗದೆ ಎತ್ತಿಬಿಟ್ಟೆ.

"ನಮಸ್ಕಾರ್ರಿ ಯಜಮಾನ್ರ! ಯೂರಿಯಾನ್ರಿ? ಕೇಳಿ ಹೇಳ್ತೀನ್ರಿ, ನೀವ ಬರೂದಂತೂ ಬರ್ರಿ, ಚಾ ಕುಡದು ಹೋಗೀರಂತ!"

ಒಂದೇ ಉಸಿರಿನಲ್ಲಿ ಬಂದ ಮಾತು. ಫೋನು ಇಟ್ಟೆ. ಅವರು ಸಿಟ್ಟಾಗಲಿಲ್ಲ, ಸಾಲೆಯ ಹುಡುಗರ ನಡುವೆ ಮತ್ತೊಮ್ಮೆ ನಿಂತವರಂತೆ ತಲೆ ತಗ್ಗಿಸಿದರು.

"ಚೊ... ಚೊಲೋ ಮಾತಾಡ್ತಿ," ಅಂದರು.

"ಕಾ... ಕಾಕಾರ, ಬೇ... ಬೇಕಂತ ಮಾಡಿಲ್ರಿ." ದೇವರಾಣೆ, ನೆಟ್ಟಗೆ ಹೇಳಬೇಕೆಂದೇ ಬಾಯಿ ತೆರೆದಿದ್ದೆ.

ಅವರು ನನ್ನ ಅರ್ಧ ಕುಡಿದ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ನಿಂತೆ. ಅವರು ಹೊರಗೆ ಬರಲಿಲ್ಲ.

ಸಂಜೆ ಕಲಘಟಗಿಯಲ್ಲಿ ಬಸ್ಸು ಕಿಕ್ಕಿರಿದು ತುಂಬಿತ್ತು. ಕಂಡಕ್ಟರನಿಗೆ ನೆಗಡಿ, ಒಡೆದ ದನಿಯಲ್ಲಿ, "ಎಲ್ಲಿಗಿ?" ಅಂದ. ಬಾಯಿ ತೆರೆಯಲು ಹೆದರಿ, ಮೊಬೈಲಿನಲ್ಲಿ 'ಹುಬ್ಬಳ್ಳಿ' ಅಂತ ಬರೆದು ತೋರಿಸಿದೆ. ಅವನ ಮುಖ ಮೆತ್ತಗಾಯಿತು.

"ಪಾಪ, ಮಾತ ಬರೂದಿಲ್ಲ ಇವ್ಗ. ಏಳ್ರಿ ಯಾರರೆ, ಜಾಗಾ ಕೊಡ್ರಿ."

ಮುಂದಿನ ಸೀಟಿನಿಂದ ಒಬ್ಬ ಮುದುಕ ಎದ್ದ. ಹೋಗಿ ಕೂತೆ.