ಮೂರನೆಯ ಮುತ್ತಜ್ಜಿ

ನಿವೃತ್ತಿಯಾದ ಮೇಲೆ ಸುಮ್ಮನಿರಲಾರದ ಮೇಷ್ಟರುಗಳಲ್ಲಿ ಎರಡು ಬಗೆ. ಕೆಲವರು ತಾರಸಿಯ ಮೇಲೆ ಬದನೆಗಿಡ ಹಾಕುತ್ತಾರೆ, ಉಳಿದವರು ವಂಶಾವಳಿ ಬರೆಯಲು ಕೂರುತ್ತಾರೆ. ಶಿವಮೊಗ್ಗದ ಗೋಪಾಳದ ನಮ್ಮ ಮನೆಯ ತಾರಸಿಯಲ್ಲಿ ಕೋತಿಗಳ ಕಾಟ. ಹಾಗಾಗಿ ನಾನು ಎರಡನೆಯ ಗುಂಪಿಗೆ ಸೇರಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಜನಗಣತಿಗೆಂದು ಮನೆಮನೆ ಸುತ್ತಿ ನಾಯಿಗಳಿಂದ ಅಟ್ಟಿಸಿಕೊಂಡವಳು. ನಾಲ್ಕು ತಲೆಮಾರಿನ ಲೆಕ್ಕ ನನಗೆ ಯಾವ ಮಹಾ ಎಂದುಕೊಂಡಿದ್ದೆ.

ಲೆಕ್ಕ ಕೆಟ್ಟದ್ದು ಮುತ್ತಜ್ಜನ ಹತ್ತಿರ. ಅವರೂ ಮೇಷ್ಟರೇ. ಆ ಕಾಲದಲ್ಲೂ ಜನ ಎಣಿಸುವ ಕೆಲಸವನ್ನು ಮೇಷ್ಟರ ತಲೆಗೇ ಕಟ್ಟುತ್ತಿದ್ದರಂತೆ. ಸರ್ಕಾರಕ್ಕೆ ಬರೆದುಕೊಟ್ಟದ್ದರಲ್ಲಿ ತಮ್ಮ ಮನೆಯ ಭಾಗವನ್ನು ಮಾತ್ರ ಅವರು ಒಂದು ಪುಸ್ತಕದಲ್ಲಿ ನಕಲು ಮಾಡಿಟ್ಟುಕೊಂಡಿದ್ದರು. ಅದೇ ಪುಸ್ತಕದ ಹಿಂಬದಿಯಲ್ಲಿ ತಮ್ಮ ಮದುವೆಗಳನ್ನೂ ಬರೆದಿದ್ದರು. ಆ ಪುಸ್ತಕ ಇದ್ದದ್ದು ಭದ್ರಾವತಿಯಲ್ಲಿ, ನನ್ನ ತಂದೆಯ ತಂಗಿಯಾದ ಅತ್ತೆಯ ಬೀರುವಿನಲ್ಲಿ. ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಅರ್ಧ ಬರೆದಿದ್ದ ವಂಶಾವಳಿಯನ್ನು ಸುರುಳಿ ಸುತ್ತಿಕೊಂಡು ನಾನು ಬಸ್ ಹತ್ತಿದೆ.

ಮುತ್ತಜ್ಜನಿಗೆ ಮೂರು ಮದುವೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೊದಲಿಬ್ಬರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಮೂರನೆಯವರೇ ನಮ್ಮ ಮುತ್ತಜ್ಜಿ. ಪುಸ್ತಕದ ಮುಂಬದಿಯೂ ಅದನ್ನೇ ಹೇಳುತ್ತಿತ್ತು. ಗಣತಿಯಿಂದ ಗಣತಿಗೆ ಮುತ್ತಜ್ಜನ ವಯಸ್ಸು ಹತ್ತು ಹತ್ತು ಏರುತ್ತಿತ್ತು. ಅವರ ಕೆಳಗೆ ‘ಹೆಂಡತಿ’ ಎಂದು ಬರೆದಿದ್ದವರ ವಯಸ್ಸು ಮಾತ್ರ ಏರುತ್ತಲೇ ಇರಲಿಲ್ಲ. ಹಿಂಬದಿ ತಿರುಗಿಸಿದರೆ ಮದುವೆಗಳು ನಾಲ್ಕು!

ಮೊದಲ ಎರಡಕ್ಕೆ ಸಂವತ್ಸರ, ಮಾಸ, ಅಷ್ಟೇ. ನಾಲ್ಕನೆಯದರಲ್ಲಿ ನಮ್ಮ ಮುತ್ತಜ್ಜಿಯ ಹೆಸರು. ಮೂರನೆಯದಕ್ಕೆ ಮಾತ್ರ ಮುತ್ತಜ್ಜ ಕೈಬಿಚ್ಚಿ ಬರೆದಿದ್ದರು. ಹುಡುಗಿಯ ಹೆಸರಿನ ಜಾಗದಲ್ಲಿ ‘ಕನ್ಯೆ’. ಗೋತ್ರ ಕಾಶ್ಯಪ. ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರೂ ಉಂಟು, ಮೂರೂ ಸೂರ್ಯನ ಹೆಸರುಗಳೇ. ಮದುವೆ ನಡೆದ ಸ್ಥಳ, ಊರ ಹೊರಗೆ. ನಾಲ್ಕನೆಯ ಮದುವೆ ಅದೇ ವಾರದಲ್ಲಿ.

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಭಾವ, ಅಂದರೆ ಅತ್ತೆಯ ಮಗ, ಮಾಚೇನಹಳ್ಳಿಯಲ್ಲಿ ಲೇತ್ ಮೆಷಿನ್ ಇಟ್ಟುಕೊಂಡವರು, ಊಟಕ್ಕೆ ಬಂದವರು ಹೆಗಲ ಮೇಲಿಂದ ಇಣುಕಿದರು.

“ಮೂರನೆಯವಳು ಓಡಿಹೋಗಿರ್ತಾಳೆ ಮಾರಾಯ್ತಿ. ನಿನ್ನ ಥರಾನೇ ಆ ಮುತ್ತಜ್ಜನೂ ಊಟಕ್ಕೆ ಕೂತಾಗ ಮಗ್ಗಿ ಕೇಳಿರ್ತಾರೆ.”

“ಸುಮ್ನಿರೋ,” ಎಂದು ಅತ್ತೆ ಮಗನನ್ನು ಗದರಿದರು. ಎಂಬತ್ತು ದಾಟಿದ್ದರೂ ಅತ್ತೆಯ ಗದರಿಕೆಗೆ ಇನ್ನೂ ಮೊನಚಿತ್ತು. “ಊರ ಹೊರಗೆ ಮದುವೆ ಅಂದ್ರೆ ಗೊತ್ತಾಗಲ್ವಾ? ಪ್ಲೇಗು ಕಣೋ. ಊರು ಬಿಟ್ಟು ಗುಡಿಸಲು ಹಾಕ್ಕೊಂಡಿದ್ದಾಗ ಮದುವೆ ಮಾಡಿದಾರೆ. ಆ ವಾರದಲ್ಲೇ ಮಗು ಹೋಗಿಬಿಟ್ಟಿದೆ.”

ಅತ್ತೆ ಒಮ್ಮೆ ನಿರ್ಧರಿಸಿದರೆಂದರೆ ಮುಗಿಯಿತು. ಆ ಹುಡುಗಿಗೆ ಹತ್ತೋ ಹನ್ನೊಂದೋ ವಯಸ್ಸು, ಉದ್ದ ಜಡೆ, ತವರಿನವರು ಬಲು ಆಚಾರವಂತರು, ಇಲ್ಲವಾದರೆ ಮೂರು ತಲೆಮಾರೂ ಸೂರ್ಯನ ಹೆಸರು ಇಡುತ್ತಾರೆಯೇ! ಸಂಜೆಯ ಕಾಫಿಯ ಹೊತ್ತಿಗೆ ಹುಡುಗಿಯ ಮೂಗುಬೊಟ್ಟಿಗೂ ಕಲ್ಲು ಕೂತಿತ್ತು. ನಾನು ನಗಲು ಹೊರಟವಳು ಅತ್ತೆಯ ಮುಖ ನೋಡಿ ಸುಮ್ಮನಾದೆ.

“ಅವಳಿಗೆ ಒಂದು ದಿನ, ಒಂದು ತುತ್ತು ಯಾರೂ ಇಟ್ಟಿಲ್ಲ ಕಣೆ. ಬಂದಿದ್ದಳು ಅನ್ನೋದೇ ಯಾರಿಗೂ ಗೊತ್ತಿಲ್ಲ,” ಎಂದರು.

ಅತ್ತೆಗೆ ಇದು ಯಾಕೆ ಅಷ್ಟು ತಾಗಿತು ಎಂಬುದು ನನಗೆ ಗೊತ್ತಿತ್ತು. ಅವರೂ ಎರಡನೇ ಸಂಬಂಧಕ್ಕೆ ಬಂದವರು. ಮಾವನ ಮೊದಲ ಹೆಂಡತಿ ಮಕ್ಕಳಾಗುವ ಮೊದಲೇ ತೀರಿಕೊಂಡಿದ್ದರು. ಪಿತೃಪಕ್ಷದ ನವಮಿ ಮುತ್ತೈದೆಯಾಗಿ ಸತ್ತವರ ದಿನ. ಆ ದಿನ ಅತ್ತೆ ಪ್ರತಿ ವರ್ಷ ಸವತಿಯ ಹೆಸರಲ್ಲಿ ಒಬ್ಬ ಮುತ್ತೈದೆಯನ್ನು ಕರೆದು, ಬಡಿಸಿ, ಸೀರೆ ಕೊಟ್ಟು ಕಳಿಸುತ್ತಿದ್ದರು. ಮಾವ ಹೋದ ಮೇಲೆ ಇನ್ನು ಬೇಕಿಲ್ಲ ಎಂದು ಪುರೋಹಿತರು ಹೇಳಿದರೂ ಬಿಟ್ಟಿರಲಿಲ್ಲ.

“ಈ ಸಲ ನವಮಿಗೆ ಆ ಮಗುವಿಗೂ ಒಂದು ಎಲೆ ಹಾಕ್ತೀನಿ. ಅಷ್ಟರೊಳಗೆ ಅವಳು ಯಾರು ಅಂತ ಹುಡುಕಿಕೊಡು. ಅಷ್ಟು ಓದಿದೀಯ,” ಎಂದು ಅಪ್ಪಣೆಯಾಯಿತು.

ಹುಡುಕಿದೆ. ಹಳೆಯ ಗಣತಿಯ ಹಾಳೆಗಳು ಸಿಗಬಹುದೇ ಎಂದು ಶಿವಮೊಗ್ಗದ ಕಚೇರಿಯೊಂದಕ್ಕೆ ಹೋದೆ. ನಾನೂ ಗಣತಿ ಮಾಡಿದವಳು ಎಂದು ಹೇಳಿದ್ದಕ್ಕೆ ಕುರ್ಚಿ ಸಿಕ್ಕಿತು, ಹಾಳೆ ಸಿಗಲಿಲ್ಲ. “ಎಷ್ಟು ಜನ ಇದ್ರು ಅಂತ ಹೇಳ್ತೀವಿ ಮೇಡಂ, ಯಾರ್ಯಾರು ಇದ್ರು ಅಂತ ಹೇಳಲ್ಲ,” ಎಂದರು ಅಲ್ಲಿದ್ದವರು. ನಾನೇ ಎಷ್ಟು ಮನೆಗಳಲ್ಲಿ ಇದೇ ಮಾತು ಹೇಳಿ ಜನರನ್ನು ನಂಬಿಸಿದ್ದೆನೋ! ದೂರದ ನೆಂಟರಿಗೆಲ್ಲ ಫೋನ್ ಮಾಡಿ, ಸೂರ್ಯನ ಹೆಸರಿನವರು ನಿಮ್ಮ ಕಡೆ ಯಾರಾದರೂ ಇದ್ದರೇ ಎಂದು ಕೇಳಿದೆ. ಒಬ್ಬರು ತಮ್ಮ ಮೊಮ್ಮಗನ ಜಾತಕ ಕಳಿಸಿಬಿಟ್ಟರು.

ಅತ್ತೆ ಇದಕ್ಕೆಲ್ಲ ಕಾಯಲಿಲ್ಲ. ನಾನು ಮತ್ತೆ ಭದ್ರಾವತಿಗೆ ಹೋಗುವಷ್ಟರಲ್ಲಿ ಗಿಳಿಹಸಿರು ಬಣ್ಣದ, ಕೆಂಪು ಅಂಚಿನ ಸೀರೆ ತಂದಾಗಿತ್ತು. ಚಿಕ್ಕ ಹುಡುಗಿಗೆ ಅಂಚು ದೊಡ್ಡದಿರಬಾರದು ಎಂದು ಅಂಗಡಿಯವನ ಮುಕ್ಕಾಲು ಪಾಲು ಸೀರೆಗಳನ್ನು ಬಿಚ್ಚಿಸಿದ್ದರಂತೆ.

ನವಮಿಯ ಹಿಂದಿನ ದಿನ ಪುರೋಹಿತರು ಬಂದರು. ಅತ್ತೆಯ ಮನೆಗೆ ಮೊದಲಿನಿಂದ ಬರುವವರು, ಅತ್ತೆಯನ್ನು ರೇಗಿಸುವ ಧೈರ್ಯವಿದ್ದ ಭದ್ರಾವತಿಯ ಒಬ್ಬರೇ ಗಂಡಸು. ಈ ಸಲ ಎರಡು ಎಲೆ ಎಂದು ಕೇಳಿ, “ಇನ್ನೊಬ್ಬರು ಯಾರಮ್ಮ? ಗೋತ್ರ, ಹೆಸರು ಹೇಳಿ,” ಎಂದರು. ಅತ್ತೆ ನನ್ನತ್ತ ಸನ್ನೆ ಮಾಡಿದರು. ನಾನು ಪುಸ್ತಕ ತೆಗೆದು, ಪಾಠ ಒಪ್ಪಿಸುವಂತೆ ಓದಿದೆ.

ಪುರೋಹಿತರು ಕಾಫಿ ಲೋಟ ಕೆಳಗಿಟ್ಟರು. “ಅದಕ್ಕೂ ಮೊದಲು ಇಬ್ಬರು ಹೆಂಡಿರು ಹೋಗಿದ್ರಾ?”

“ಹೌದು.”

“ಹುಡುಗಿಗೆ ಹೆಸರಿಲ್ಲ, ಊರ ಹೊರಗೆ ಮದುವೆ?”

“ಹೌದು, ಪ್ಲೇಗು,” ಎಂದರು ಅತ್ತೆ ಗಂಭೀರವಾಗಿ.

ಪುರೋಹಿತರು ಹೆಗಲ ಮೇಲಿನ ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ಅತ್ತರೇನೋ ಎಂದು ನನಗೆ ಗಾಬರಿ. ಶಲ್ಯ ತೆಗೆದಾಗ ಅವರ ಕಣ್ಣಲ್ಲಿ ನೀರು, ಆದರೆ ಅದು ನಗುವಿನದು. “ಅಮ್ಮ, ಇವಳಿಗೆ ಎಲೆ ಹಾಕೋದು ಬೇಡ. ಬುಡಕ್ಕೆ ಒಂದಿಷ್ಟು ಗೊಬ್ಬರ ಹಾಕಿ. ಇವಳು ಎಕ್ಕದ ಗಿಡ!”

ಮೂರನೆಯ ಮದುವೆ ಕೇಡು, ಬಂದ ಹುಡುಗಿ ಬಾಳುವುದಿಲ್ಲ ಎಂದು ಹಿಂದೆ ನಂಬುತ್ತಿದ್ದರಂತೆ. ಅದಕ್ಕೇ ಇಬ್ಬರು ಹೆಂಡಿರನ್ನು ಕಳೆದುಕೊಂಡವನಿಗೆ ಮೊದಲು ಊರಾಚೆಯ ಎಕ್ಕದ ಗಿಡದ ಜೊತೆ ಮದುವೆ. ಕೇಡೇನಿದ್ದರೂ ಗಿಡಕ್ಕೆ ಹೋಗಲಿ, ಆಮೇಲೆ ಬರುವ ಹುಡುಗಿ ನಾಲ್ಕನೆಯವಳಾಗಿ ಸುಖವಾಗಿರಲಿ ಎಂದು. ಎಕ್ಕ ಸೂರ್ಯನ ಗಿಡ, ಅದರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಸೂರ್ಯನೇ. ಮಂತ್ರದಲ್ಲಿ ಇದ್ದದ್ದನ್ನೇ ಮುತ್ತಜ್ಜ ಮೇಷ್ಟರ ಶಿಸ್ತಿನಲ್ಲಿ ಬರೆದಿಟ್ಟಿದ್ದರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಭಾವ ನಗುತ್ತಾ ನೆಲದ ಮೇಲೆ ಕೂತುಬಿಟ್ಟರು. “ನಮ್ಮ ಶೆಡ್ ಹಿಂದೆ ಒಂದು ಎಕ್ಕದ ಗಿಡ ಇದೆ ಅಮ್ಮ. ಸೀರೆ ಕೊಡು, ಉಡಿಸಿ ಬರ್ತೀನಿ. ಉದ್ದ ಜಡೆಯಂತೆ, ಮೂಗುಬೊಟ್ಟಂತೆ!” ಅತ್ತೆಯೂ ನಕ್ಕರು. ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗಂತೂ ಮಕ್ಕಳ ಮುಂದೆ ಬೋರ್ಡಿನ ಮೇಲೆ ಲೆಕ್ಕ ತಪ್ಪಿದಷ್ಟು ನಾಚಿಕೆ.

ನಗು ಇಳಿಯುವಾಗ ಅತ್ತೆ ಪುಸ್ತಕಕ್ಕೆ ಕೈ ಚಾಚಿದರು. “ಮೊದಲನೆಯದು, ಎರಡನೆಯದು ಓದು,” ಎಂದರು.

ಓದಿದೆ. ಸಂವತ್ಸರ, ಮಾಸ. ಓದಲು ಮತ್ತೇನೂ ಇರಲಿಲ್ಲ.

“ಹೆಸರು?”

“ಇಲ್ಲ ಅತ್ತೆ. ಗಣತಿಯಲ್ಲೂ ಹೆಂಡತಿ ಅಂತ ಮಾತ್ರ ಇದೆ.”

“ಗಿಡಕ್ಕೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಇದಾರೆ. ಈ ಇಬ್ಬರು ಎಲ್ಲಿಂದ ಉದುರಿದ್ರು? ಇವರಿಗೆ ಶಾಯಿ ಮುಗಿದು ಹೋಗಿತ್ತಾ?” ಅತ್ತೆಯ ದನಿ ಏರಿತು. ಅಷ್ಟು ದಿನವೂ ನಾವು ಮೂರನೆಯವಳ ಹಿಂದೆಯೇ ಓಡಿದ್ದೆವು. ನಿಜವಾಗಿ ಬಾಳಿ ಸತ್ತ ಇಬ್ಬರ ಬಗ್ಗೆ ನಾನಾಗಲಿ ಅತ್ತೆಯಾಗಲಿ ಒಂದು ಮಾತೂ ಕೇಳಿರಲಿಲ್ಲ.

“ನಾಳೆ ಮೂರು ಎಲೆ,” ಎಂದರು ಅತ್ತೆ ಪುರೋಹಿತರಿಗೆ. “ಒಂದು ಯಾವಾಗಲೂ ಇರೋದು. ಇನ್ನೆರಡು ಇವರದ್ದು.”

“ಹೆಸರು ಗೊತ್ತಿಲ್ಲ ಅಂದ್ರೆ ಏನಂತ ಹೇಳಲಮ್ಮ?”

“ಗೊತ್ತಿಲ್ಲ ಅಂತಲೇ ಹೇಳಿ. ಬರೀಬೇಕಾದವರು ಬರೀಲಿಲ್ಲ ಅಂತಾನೂ ಹೇಳಿ.”

ಪುರೋಹಿತರು ಹೋದ ಮೇಲೆ ಅತ್ತೆ ನನ್ನ ಸುರುಳಿಯನ್ನು ಬಿಚ್ಚಿಸಿದರು. ಕನ್ನಡಕ ಹಾಕಿಕೊಂಡು ತಮ್ಮ ಮನೆಯ ಕೊಂಬೆ ಹುಡುಕಿದರು. ಮಾವನ ಹೆಸರು, ಒಂದು ಗೆರೆ, ಆ ಕಡೆ ಅತ್ತೆಯ ಹೆಸರು, ಕೆಳಗೆ ಭಾವ. ಸ್ಕೇಲು ಹಿಡಿದು ಎಳೆದ ಗೆರೆ. ನನಗೆ ಅದರ ಮೇಲೆ ಬಹಳ ಹೆಮ್ಮೆ ಇತ್ತು.

“ಅವಳೆಲ್ಲಿ?” ಎಂದು ಕೇಳಿದರು.

“ಅವರಿಗೆ ಮಕ್ಕಳಿರಲಿಲ್ಲವಲ್ಲ ಅತ್ತೆ, ಅದಕ್ಕೇ...” ಎಂದೆ. ಮುತ್ತಜ್ಜನನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರೇನೋ. ಅತ್ತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಬರ್ಕೋ,” ಎಂದರು. ಸವತಿಯ ಹೆಸರು ಹೇಳಿದರು. ಅವಳ ಊರು, ತಂದೆ, ಅಜ್ಜ, ಮುತ್ತಜ್ಜ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ನಾನು ಬೆರಗಾಗಿ ನೋಡುತ್ತಿದ್ದಾಗ, “ಅವಳ ಅಮ್ಮ ಇರೋತನಕ ನವಮಿಗೆ ಇಲ್ಲಿಗೇ ಬರ್ತಿದ್ರು. ಊಟ ಆದ್ಮೇಲೆ ಮಗಳ ವಿಷಯಾನೇ ಮಾತಾಡ್ತಿದ್ರು. ಕೇಳೋಕೆ ನಾನಲ್ದೆ ಇನ್ಯಾರಿದ್ರು?” ಎಂದರು.

ಬರೆಯಲು ಜಾಗ ಎಲ್ಲಿತ್ತು? ಮಾವನ ಹೆಸರಿಗೂ ಅತ್ತೆಯ ಹೆಸರಿಗೂ ನಡುವೆ ನಾನು ಒಂದು ಬೆರಳಿನಷ್ಟೂ ಬಿಟ್ಟಿರಲಿಲ್ಲ. ಅಂಚಿನಲ್ಲಿ ಸಣ್ಣದಾಗಿ ಬರೆಯಲೇ ಎಂದೆ. ಅತ್ತೆ ಭಾವನನ್ನು ಕಳಿಸಿ ರಬ್ಬರ್ ತರಿಸಿದರು.

“ಅಂಚಲ್ಲಿ ಯಾಕೆ? ನನ್ನನ್ನು ಅಳಿಸಿ ಸ್ವಲ್ಪ ಆ ಕಡೆ ಬರಿ,” ಎಂದರು. “ಅವಳು ಮೊದಲು ಬಂದವಳು.”