ಗ್ವಾಡಿ ಆಚೆಗಿನ ನಗು

ನಾನು ಚಿಕ್ಕವಳಿದ್ದಾಗ ನನ್ನ ಬಲಗಾಲ ಹೆಬ್ಬೆರಳಿಗೆ ಒಂದು ಹಗ್ಗ ಇರುತ್ತಿತ್ತು. ಹಗ್ಗದ ಆ ತುದಿಗೆ ತೊಟ್ಟಿಲು, ತೊಟ್ಟಿಲಲ್ಲಿ ತಮ್ಮ. ಕಾಲು ಎಳೆದರೆ ತೊಟ್ಟಿಲು ತೂಗುತ್ತಿತ್ತು, ನಿಲ್ಲಿಸಿದರೆ ತಮ್ಮ ಅಳುತ್ತಿದ್ದ. ಕೈ ಖಾಲಿ ಇರಬಾರದಲ್ಲ, ಅದಕ್ಕೆ ನನ್ನ ಮುಂದೆ ಒಂದು ಮೊರದ ತುಂಬ ತೊಗರಿ. ಅದನ್ನು ಹಸನು ಮಾಡುತ್ತಾ ಕುಂತಿರಬೇಕು.

ನಗಬೇಡಿ ಮಕ್ಕಳೇ. ಆಗ ನಮ್ಮ ಶಹಾಬಾದ ಕಡೆ ಎಷ್ಟೋ ಮನೆಗಳಲ್ಲಿ ನನ್ನಂಥ ಒಬ್ಬಳು ಹುಡುಗಿ ಇರುತ್ತಿದ್ದಳು. ಅಪ್ಪ ಅವ್ವ ಇಬ್ಬರೂ ದಿನಾ ಮುಂಜಾನೆ ಕಲ್ಲಿನ ಖಣಿಗೆ ದುಡಿಯಲು ಹೋಗುತ್ತಿದ್ದರು. ಅಣ್ಣ ಸಾಲಿಗೆ ಹೋಗುತ್ತಿದ್ದ. ಎಲ್ಲರೂ ಹೊರಬಿದ್ದ ಮೇಲೆ ಅಪ್ಪ ಹೊರಗಿನಿಂದ ಚಿಲಕ ಹಾಕುತ್ತಿದ್ದ. ಸಿಟ್ಟಿನಿಂದಲ್ಲ. ಮನೆ ಹಿಂದೆಯೇ ಒಂದು ಹಳೇ ಖಣಿ, ಅದರ ತುಂಬ ಹಸಿರುಗಟ್ಟಿದ ನೀರು. ನಾವು ಎಲ್ಲಿ ಆಡುತ್ತಾ ಹೋಗಿ ಅದರಲ್ಲಿ ಬೀಳುತ್ತೇವೋ ಅಂತ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. "ಚಿಲಕದ ಸಪ್ಪಳ ಕೇಳಿದ ಮ್ಯಾಲೇ ನನಗ ಉಸಿರು ಬರ್ತದ" ಅನ್ನುತ್ತಿದ್ದ. ಅವನಿಗೆ ಉಸಿರು ಬರುವ ಹೊತ್ತಿಗೆ ನನ್ನದು ಕಟ್ಟುತ್ತಿತ್ತು.

ಆ ಮನೆಯ ನೆಲ ಖಣಿಯಿಂದ ತಂದ ಚಪ್ಪಟೆ ಪರಸಿ ಕಲ್ಲಿನದು, ಗ್ವಾಡಿ ಪರಸಿ ಕಲ್ಲಿನದು, ಮೇಲೆ ಹೊದಿಸಿದ್ದೂ ಪರಸಿಯೇ. ಹೊತ್ತೇರಿದಂತೆ ಹಂಚಿನ ಹಾಗೆ ಕಾಯುತ್ತಿತ್ತು. ಎಣ್ಣೆ, ಹಾಲು, ಒದ್ದೆ ಅರಿವೆ, ತೊಗರಿ ಧೂಳು, ಎಲ್ಲಾ ವಾಸನೆಯೂ ಹೊರಗೆ ಹೋಗಲಾರದೆ ನನ್ನ ಹಾಗೇ ಒಳಗೆ ಕುಂತಿರುತ್ತಿತ್ತು. ದೂರದ ಹೊಸ ಖಣಿಯಿಂದ ಉಳಿಯ ಟಣ್ ಟಣ್ ಕೇಳುತ್ತಿತ್ತು. ಪಕ್ಕದಲ್ಲಿ ಒಂದು ಸಂದಿ, ಸಂದಿ ಆಚೆ ಅಣ್ಣನ ಸಾಲಿ. ಆ ಕಡೆಯ ಗ್ವಾಡಿಯಲ್ಲಿ, ಮೇಲೆ, ಅಂಗೈ ಅಗಲದ ಒಂದು ಬೆಳಕಿಂಡಿ. ಅದರಿಂದ ಒಂದು ತುಂಡು ಬಿಸಿಲು ಇಳಿದು ನೆಲದ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಇಡೀ ಮನೆಯಲ್ಲಿ ತನ್ನಿಷ್ಟಕ್ಕೆ ಓಡಾಡುತ್ತಿದ್ದದ್ದು ಅದೊಂದೇ.

ಹುಡುಗರು ಮಗ್ಗಿ ಹೇಳುವುದು, ಮಾಸ್ತರರು ಬೈಯುವುದು ದಿನಾ ಕೇಳುತ್ತಿತ್ತು. ಒಂದು ದಿನ ಮಾತ್ರ ಇಡೀ ಸಾಲಿ ಒಮ್ಮೆಗೇ ಗೊಳ್ಳೆಂದು ನಕ್ಕಿತು. ಮಾಸ್ತರರೂ ನಕ್ಕರು! ಆ ಮನುಷ್ಯನಿಗೆ ನಗು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕೊಂಚ ನಿಂತಿತು. ಮತ್ತೆ ಹೊಟ್ಟೆ ಹಿಡಿದುಕೊಂಡು ಹೊರಳಾಡುವಂಥ ನಗು. ನಾನೂ ಸುಮ್ಮನೆ ಹಿ ಹಿ ಅಂದು ನೋಡಿದೆ. ಯಾಕೆ ಅಂತ ಗೊತ್ತಿಲ್ಲದ ನಗು ಬಾಯಲ್ಲೇ ಒಣಗಿತು.

ನೋಡಲೇಬೇಕು ಅನಿಸಿತು. ಬೆರಳಿನ ಗಂಟು ಅವ್ವ ಹಾಕಿದ್ದು, ನನ್ನಿಂದ ಬಿಚ್ಚಲಾಗಲಿಲ್ಲ. ತೊಟ್ಟಿಲ ಕಡೆಯ ಗಂಟು ಬಿಚ್ಚಿ, ತೂಗುವುದು ನಿಲ್ಲಬಾರದು ಅಂತ ನಡುವೆ ಅವ್ವನ ಹಳೇ ಸೀರೆ ಕಟ್ಟಿ ಉದ್ದ ಮಾಡಿದೆ. ಸಂದೂಕದ ಮೇಲೆ ಮಡಿಚಿಟ್ಟ ಕೌದಿಗಳಿದ್ದವು. ಅವುಗಳ ಮೇಲೆ ಹತ್ತಿ ಬೆಳಕಿಂಡಿಯ ಅಂಚು ಹಿಡಿದು ಕಣ್ಣಿಟ್ಟೆ.

ಕಂಡದ್ದು ಸಾಲಿಯ ಗ್ವಾಡಿ. ಅದೂ ಪರಸಿಯದೇ.

ಆಗಲೇ ಕಾಲ ಕೆಳಗಿನ ಕೌದಿ ಜಾರಿತು. ಹಗ್ಗ ಸೆಟೆದು ಬಲಗಾಲು ತೊಟ್ಟಿಲ ಕಡೆ ಚಾಚಿಕೊಂಡಿತು, ತೊಟ್ಟಿಲು ನನ್ನ ಕಡೆ ವಾಲಿತು. ತಮ್ಮ ಕಿರುಚಲು ಹತ್ತಿದ. ನಾನು ಕೈಬಿಟ್ಟು ಬಿದ್ದರೆ ಹಗ್ಗ ಜಗ್ಗಿ ಕೂಸು ಕೆಳಗೆ ಉರುಳುತ್ತದೆ. ಕಾಲು ಎಳೆದುಕೊಂಡರೂ ಉರುಳುತ್ತದೆ. ಅಂಚು ಗಟ್ಟಿಯಾಗಿ ಹಿಡಿದು, ಕೆನ್ನೆ ಕಲ್ಲಿಗೆ ಒತ್ತಿ ನಿಂತೆ. ಬೆರಳು ಉರಿಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ಕಿವಿಯ ಹತ್ತಿರವೇ ಸಾಲಿ ಮತ್ತೆ ನಕ್ಕಿತು.

ಮಧ್ಯಾಹ್ನ ಕೂಸಿಗೆ ಹಾಲು ಕೊಡಲು ಬಂದ ಅವ್ವ ಚಿಲಕ ತೆಗೆದು ದಂಗಾದಳು. "ಯವ್ವಾ, ಇದೇನ ಹಲ್ಲಿ ಹಂಗ ಗ್ವಾಡಿಗಿ ಹತ್ತೀದಿ!" ತಮ್ಮನನ್ನು ಎತ್ತಿಕೊಂಡು, ನನ್ನನ್ನು ಇಳಿಸಿ, ಗಂಟು ಬಿಚ್ಚಿದಳು. ಬೆರಳು ನೇರಳೆ ಹಣ್ಣಿನ ಹಾಗಾಗಿತ್ತು. ಎಣ್ಣೆ ಹಚ್ಚಿ ತಿಕ್ಕುತ್ತಾ ಕೇಳಿದಳು, "ಏನ್ ಕಂಡ್ತು?"

"ಗ್ವಾಡಿ" ಅಂದೆ. ಅವ್ವ ಬೈಯಲಿಲ್ಲ. ಬೆರಳು ತಿಕ್ಕುತ್ತಲೇ ಕುಂತಳು.

ರಾತ್ರಿ ಊಟಕ್ಕೆ ಕುಂತಾಗ ಅಣ್ಣನನ್ನು ಕೇಳಿದೆ, "ಇವತ್ತ ಸಾಲ್ಯಾಗ ಯಾಕ ನಕ್ಕಿರಿ?"

ಅವನು ರೊಟ್ಟಿ ಅಗಿಯುತ್ತಾ, "ನಕ್ಕಿದ್ವಾ? ಯಾವಾಗ?" ಅಂದ. "ನೆನಪಿಲ್ಲ ಹೋಗ. ನಿನಗ್ಯಾಕ ಬೇಕು, ತೊಟ್ಟಿಲ ಮಾಸ್ತರಬಾಯಿ!"

ಅಪ್ಪ ತಲೆ ಎತ್ತಿ ನನ್ನ ಕಾಲು ನೋಡಿದ. ಮರುದಿನ ಎದ್ದು ನೋಡಿದರೆ ಹಗ್ಗಕ್ಕೆ ಹೊಸ ತುಂಡು ಸೇರಿಸಿ ಉದ್ದ ಮಾಡಿದ್ದ. ಈಗ ನಾನು ಬಾಗಿಲ ತನಕ ಹೋಗಬಹುದಿತ್ತು. ಬಾಗಿಲಿಗೆ ಚಿಲಕ ಇದ್ದೇ ಇತ್ತು.

ತಮ್ಮ ನಡೆಯಲು ಕಲಿತ ಮೇಲೆ ನನ್ನನ್ನೂ ಸ್ವಲ್ಪ ದಿನ ಸಾಲಿಗೆ ಕಳಿಸಿದರು. ಅಕ್ಷರ ಕೂಡಿಸಲು ಬಂತು ಅನ್ನುವಷ್ಟರಲ್ಲಿ ಬಿಡಿಸಿದರು. ಆ ನಗು ಮಾತ್ರ ನನ್ನ ತಲೆಯಲ್ಲಿ ಉಳಿದೇಬಿಟ್ಟಿತು.

ಈಗ ಚಿತ್ತಾಪುರದಲ್ಲಿ ನನ್ನ ಮಗ, ಸೊಸೆ, ಇನ್ನೂ ನಾಲ್ಕು ಮನೆಯವರು ಕೂಡಿ ಬೇವಿನ ಗಿಡದ ಕೆಳಗೆ ಪರಸಿ ಹಾಸಿ ತಮ್ಮ ಮಕ್ಕಳಿಗೊಂದು ಸಾಲಿ ಮಾಡಿದ್ದಾರೆ. ಗಂಟೆ ಇಲ್ಲ, ಬಾಗಿಲೂ ಇಲ್ಲ. ಇವತ್ತು ಏನು ಕಲಿಯೋಣ ಅಂತ ಮಕ್ಕಳೇ ಮಾತಾಡಿಕೊಳ್ಳುತ್ತಾರೆ. ಒಬ್ಬನಿಗೆ ಇರುವೆ ಗೂಡು ಬೇಕು, ಒಬ್ಬಳಿಗೆ ಸೈಕಲ್ ಬಿಚ್ಚಿ ಜೋಡಿಸಬೇಕು. ಮೊದಲು ಕೇಳಿದಾಗ, "ಚಿಲಕಿಲ್ಲದ ಸಾಲಿ ಅದೆಂಥಾದು? ಹುಡುಗುರು ಓಡಿ ಹೋದ್ರ?" ಅಂತ ಸೊಸೆ ಜೊತೆ ಜಗಳಾಡಿದೆ. ಅಪ್ಪನೇ ನನ್ನ ಬಾಯಲ್ಲಿ ಕುಂತು ಮಾತಾಡಿದ ನೋಡಿ!

ಅವಳು ನಕ್ಕು, "ಎಲ್ಲಿಗಿ ಓಡ್ತಾವ್ರಿ ಅತ್ತಿ? ಬರ್ರಿ, ನೀವೇ ಬಂದು ಕುಂದ್ರಿ" ಅಂದಳು.

ಹೋಗಿ ಕುಂತೆ. ಮೊಮ್ಮಗಳು ಬಂದು, "ಆಯಿ, ನಿನಗೇನ್ ಕಲೀಬೇಕಾಗ್ಯದ?" ಅಂತ ಕೇಳಿದಳು. ಈ ವಯಸ್ಸಿನ ತನಕ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬಾಯಿಗೆ ಬಂದದ್ದು ಅಂದೆ, "ಕಾಲ್ಬೆರಳಿಲೆ ಬರೀಲಿಕ್ಕ ಕಲೀಬೇಕಾಗ್ಯದ."

ಅದೇ ಹೆಬ್ಬೆರಳ ಸಂದಿಯಲ್ಲಿ ಚಾಕ್‌ಪೀಸ್ ಸಿಗಿಸಿಕೊಂಡು ಪರಸಿಯ ಮೇಲೆ ಒಂದು 'ಅ' ಬರೆದೆ. "ಆಯಿ, ಇದು ಅಕ್ಷರ ಅಲ್ಲ, ಆಡು! ನೋಡ, ಬಾಲ ಅದ!" ಅಂದಳು ಮೊಮ್ಮಗಳು. ಸಾಲಿಗೆ ಸಾಲಿಯೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಎಲ್ಲರೂ ಚಪ್ಪಲಿ ಬಿಟ್ಟು ಕಾಲಿನಿಂದಲೇ ಬರೆಯಲು ಕುಂತರು. ಒಬ್ಬನದು ಕೋಳಿ ಆಯಿತು, ಒಬ್ಬಳದು ಜಿಲೇಬಿ. ನಕ್ಕೂ ನಕ್ಕೂ ನನ್ನ ಸೆರಗು ಒದ್ದೆಯಾಯಿತು. ಆ ನಗುವಿನ ನಟ್ಟನಡುವೆ ನಾನು ಕುಂತಿದ್ದೆ ಮಕ್ಕಳೇ, ನಾನು!

ಸಂಜೆ ಮಗ ಮನೆಗೆ ಬಂದು ಮೊಮ್ಮಗಳನ್ನು ಕೇಳಿದ, "ಮಧ್ಯಾಹ್ನ ಅಷ್ಟ್ಯಾಕ ನಗಲಿಕತ್ತಿದ್ರಿ? ರಸ್ತಾ ತನಕ ಕೇಳ್ತಿತ್ತು."

ಅವಳು ರೊಟ್ಟಿ ಮುರಿಯುತ್ತಾ, "ನಕ್ಕಿದ್ವಾ? ಯಾವಾಗ?" ಅಂದಳು.

ಅಣ್ಣ ಹೀಗೆ ಅಂದಾಗ ಎಷ್ಟು ಸಿಟ್ಟು ಬಂದಿತ್ತು ನನಗೆ! ಈಗ ಹಿಗ್ಗಿ ಹೀರೆಕಾಯಿ ಆದೆ. ದಿನಾ ಅಷ್ಟು ನಗುವ ಹುಡುಗಿಗೆ ಒಂದು ನಗು ಎಲ್ಲಿ ನೆನಪಿರುತ್ತದೆ? ಮರೆಯಲಿ.

"ಬಾ ಇಲ್ಲಿ, ಕುಂದ್ರು" ಅಂತ ಮಗನ ಕೈ ಹಿಡಿದೆ. "ಯಾಕ ನಕ್ವಿ ಅಂತ ನಾ ಹೇಳ್ತೀನಿ."