ಜಟಕಾ ಹುಡುಗಿಯ ಅಮ್ಮ

ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನಾವು ಚಿಕ್ಕವರಾಗಿದ್ದಾಗ ಟಿ.ವಿ. ನೋಡುವುದಕ್ಕೆ ಕಣ್ಣಿದ್ದರೆ ಸಾಕಾಗಿತ್ತು, ಕಿವಿ ಬೇಕಿರಲಿಲ್ಲ. ಭಾನುವಾರ ಬೆಳಿಗ್ಗೆ ಬರುತ್ತಿದ್ದುದೆಲ್ಲ ಹಿಂದಿ. ಬೆಟ್ಟದಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಹಿಂದಿ ಬಲ್ಲವರು ಒಬ್ಬರೇ, ಮಿಲ್ಟ್ರಿ ದೊಡ್ಡಪ್ಪ. ಸೈನ್ಯದಿಂದ ನಿವೃತ್ತರಾಗಿ ಬಂದವರು. ವರಸೆಯಲ್ಲಿ ನಮ್ಮಪ್ಪನಿಗೆ ಅಣ್ಣನಾಗಬೇಕು. ಟಿ.ವಿ. ಇದ್ದುದೂ ಅವರ ಪಡಸಾಲೆಯಲ್ಲೇ. ಹಾಗಾಗಿ ಪೆಟ್ಟಿಗೆಯೊಳಗಿನವರು ಏನೇ ಮಾತಾಡಲಿ, ನಮ್ಮೂರಿಗೆ ತಲುಪುತ್ತಿದ್ದುದು ದೊಡ್ಡಪ್ಪನ ಮೀಸೆಯ ಕೆಳಗಿನಿಂದ ಬಂದದ್ದು ಮಾತ್ರ.

ಅವರು ಕುರ್ಚಿಯಲ್ಲಿ, ನಾವು ಸಗಣಿ ಸಾರಿಸಿದ ನೆಲದ ಮೇಲೆ, ದೊಡ್ಡವರು ಬಾಗಿಲಿಗೆ ಒರಗಿಕೊಂಡು. ತೆರೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, "ಏನಂದ ದೊಡ್ಡಪ್ಪ? ಏನಂದ?" ಎಂದು ಎಲ್ಲರೂ ಒಟ್ಟಿಗೆ ಕೇಳುತ್ತಿದ್ದೆವು.

"ತಡೀರ್ಲಾ, ಮೊದ್ಲು ನಂಗಾದ್ರೂ ಕೇಳುಸ್ಲಿ. ಒಳ್ಳೆ ಕಾಗೆಗಳಂಗೆ ಬಡ್ಕೊತೀರಿ!" ಎಂದು ಗದರುತ್ತಿದ್ದರು. ಆಮೇಲೆ ಹೇಳುತ್ತಿದ್ದರು.

ಆ ವರ್ಷ ಒಂದು ಧಾರಾವಾಹಿ ಬರುತ್ತಿತ್ತು. ಅದರ ನಿಜವಾದ ಹೆಸರು ನಮ್ಮೂರಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ನಮಗದು ಜಟಕಾ ಸೀರಿಯಲ್ಲು. ಎಲ್ಲೋ ಬೆಟ್ಟಗಳ ನಡುವಿನ ಊರು, ಜಟಕಾ ಓಡಿಸುವ ಒಬ್ಬ ಅಪ್ಪ, ಅವನ ಪಕ್ಕದಲ್ಲಿ ಲಗಾಮು ಹಿಡಿದು ಕೂರುವ ಎರಡು ಜಡೆಯ ಹುಡುಗಿ. ವಾರಕ್ಕೊಬ್ಬರು ಜಟಕಾ ಹತ್ತುತ್ತಾರೆ, ಅವರದೊಂದು ಕಥೆ. ಅಷ್ಟೇ. ಹೊಗೆಸೊಪ್ಪಿನ ಕಡ್ಡಿಗಳನ್ನೇ ಜಟಕಾ ಮಾಡಿ, ಸೊಪ್ಪು ಕಟ್ಟುವ ದಾರವನ್ನು ಲಗಾಮು ಮಾಡಿ ಊರ ಹುಡುಗರೆಲ್ಲ ಬೀದಿ ತುಂಬ ಓಡಿದ್ದೇ ಓಡಿದ್ದು. ಕುದುರೆ ಆಗಲು ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೇ ದಿನಾ ಜಗಳ.

ನಾನು ಆ ಆಟಕ್ಕೆ ಹೋಗುತ್ತಿರಲಿಲ್ಲ. ಮೂರನೇ ಕ್ಲಾಸಿನಲ್ಲಿದ್ದೆ. ಆ ಬೇಸಿಗೆಯಲ್ಲಿ ಅವ್ವ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ನಾನು ಮಾತು ಬಿಟ್ಟಿದ್ದೆ. ಕರೆದರೆ ತಿರುಗಿ ನೋಡುತ್ತಿದ್ದೆ, ಕೊಟ್ಟರೆ ತಿನ್ನುತ್ತಿದ್ದೆ. ಅಜ್ಜಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದಳು, ಬೇವಿನ ಸೊಪ್ಪಿನಲ್ಲಿ ನಿವಾಳಿಸಿದಳು. ನನಗೆ ಗಾಳಿಯೂ ಸೋಕಿರಲಿಲ್ಲ, ದುಃಖವೂ ಇರಲಿಲ್ಲ. ಒಳಗೆ ಏನೂ ಇರಲಿಲ್ಲ. ಚಳಿಗಾಲದಲ್ಲಿ ಮುಂಜಾನೆ ಬಾವಿಯ ಹಗ್ಗ ಜಗ್ಗಿದ ಮೇಲೆ ಬೆರಳು ಇದ್ದೂ ಇಲ್ಲದಂತಾಗುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು.

ಶ್ರಾವಣಕ್ಕೆ ಬ್ಯಾರನ್ನಿನ ಒಲೆ ಹೊತ್ತಿತು. ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಹೊಗೆಸೊಪ್ಪು ಬೇಯಿಸುವ ಎತ್ತರದ ಗೋಡೆಯ ಮನೆಗೆ ಬ್ಯಾರನ್ ಅನ್ನುತ್ತಾರೆ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಇಟ್ಟರೆ ಆಯಿತು, ಸೊಪ್ಪು ಪೂರ್ತಿ ಒಣಗುವ ತನಕ ಆ ಒಲೆಯ ಬಾಯಿ ಬಿಟ್ಟು ಏಳುವಂತಿಲ್ಲ. ಕಾವು ಬೇಗ ಏರಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ಇಳಿದರೆ ಕಪ್ಪಾಗುತ್ತದೆ. ಅಪ್ಪ ಒಲೆಯ ವಿಷಯದಲ್ಲಿ ಒಬ್ಬರನ್ನೂ ನಂಬುತ್ತಿರಲಿಲ್ಲ. ಊರೆಲ್ಲ ಟಿ.ವಿ. ಮುಂದೆ ಕೂತಾಗಲೂ ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದ. ಜಟಕಾ ಸೀರಿಯಲ್ಲಿನ ಒಂದು ಕಂತನ್ನೂ ಅವನು ನೋಡಲಿಲ್ಲ.

ಸೀರಿಯಲ್ಲು ಶುರುವಾದ ಮೊದಲ ಭಾನುವಾರ ಅಜ್ಜಿ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ದೊಡ್ಡಪ್ಪನ ಪಡಸಾಲೆಯಲ್ಲಿ ಕೂರಿಸಿದಳು. ಅಂದು ದೊಡ್ಡಪ್ಪ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದರಿಂದ ಅರ್ಥ ಹೇಳುವವರು ಇರಲಿಲ್ಲ. ಸುಮ್ಮನೆ ನೋಡಿದೆ. ಜಟಕಾ ಹತ್ತಿದ ಹೆಂಗಸೊಬ್ಬಳು ಆ ಹುಡುಗಿಯನ್ನು ಏನೋ ಕೇಳಿದಳು. ಹುಡುಗಿ ಬೆರಳೆತ್ತಿ ಮೇಲಕ್ಕೆ ತೋರಿಸಿದಳು.

ಸೀರಿಯಲ್ಲು ಮುಗಿದ ಮೇಲೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಡಬ್ಬಿ ಹಿಡಿದು ಬ್ಯಾರನ್ನಿಗೆ ಹೋದೆ. ಬೇಯುವ ಸೊಪ್ಪಿನ ಸಿಹಿಗಮಟು ವಾಸನೆ ದೂರಕ್ಕೇ ಬಡಿಯುತ್ತಿತ್ತು. ಅಪ್ಪ ಕೈ ತೊಳೆದುಕೊಂಡು ಬಂದ. ಬೂದಿ ಹಾಕಿ ಉಜ್ಜಿದರೂ ಆ ಸೊಪ್ಪಿನ ಅಂಟು ಹೋಗುವುದಿಲ್ಲ, ತುತ್ತೆಲ್ಲ ಕಹಿ. ಅವನು ಮೊದಲ ತುತ್ತು ಮುರಿಯುವಾಗ ನಾನು ಕೇಳಿದೆ:

"ಅಪ್ಪ, ಜಟಕಾ ಹುಡ್ಗಿ ಅವ್ವ ಎಲ್ಲಿಗೋಗವ್ಳೆ?"

ಅಪ್ಪನ ಕೈ ನಿಂತಿತು. ಬೇಸಿಗೆಯಿಂದ ಆಚೆಗೆ ನಾನು ಆಡಿದ ಮೊದಲ ಮಾತು ಅದು. ಅವನು ನನ್ನ ಮುಖ ನೋಡಲಿಲ್ಲ, ಒಲೆ ನೋಡಿದ.

"ತವರಿಗೋಗಿರ್ಬೇಕು ಕಣವ್ವ. ಬತ್ತಾಳೆ ಬುಡು."

"ಬೆರಳು ಮ್ಯಾಕ್ಕೆ ತೋರುಸ್ದ್ಲು."

"ಬೆಟ್ಟದ ಮ್ಯಾಲಿನ ಊರಿರ್ಬೇಕು ತವರು."

ನಮ್ಮೂರಿಗೂ ಬೆಟ್ಟ ಕಾಣುತ್ತದೆ, ಅದರ ನೆತ್ತಿಯ ಮೇಲೆ ದೇವಸ್ಥಾನ. ಸರಿ ಎನ್ನಿಸಿತು. ಅಷ್ಟು ಮೇಲಿಂದ ಇಳಿದು ಬರಲು ಹೊತ್ತಾಗುತ್ತದೆ ಎಂದುಕೊಂಡೆ.

ಮುಂದಿನ ವಾರದಿಂದ ದೊಡ್ಡಪ್ಪ ಅರ್ಥ ಹೇಳಿದರು. ಅಪ್ಪ ಹೇಳಿದ್ದೇ ನಿಜವಾಗಿತ್ತು. "ತವರಲ್ಲವ್ಳಂತೆ, ಹಬ್ಬ ಕಳ್ಕೊಂಡು ಬತ್ತಾಳಂತೆ," ಎಂದರು. ಇನ್ನೊಂದು ವಾರ, "ದಾರೀಲಿ ಗುಡ್ಡ ಕುಸ್ದು ಬಸ್ಸಿಲ್ವಂತೆ," ಎಂದರು. ನಾನು ಅದನ್ನೆಲ್ಲ ಒಯ್ದು ಅಪ್ಪನಿಗೆ ಒಪ್ಪಿಸುತ್ತಿದ್ದೆ. ಮೊದಮೊದಲು ಎರಡು ಮಾತು, ಆಮೇಲೆ ಪೂರ್ತಿ ಕಥೆ, ಕೊನೆಕೊನೆಗೆ ಕುದುರೆ ಕೆನೆಯುವುದನ್ನೂ ಮಾಡಿ ತೋರಿಸುತ್ತಿದ್ದೆ. ಅಪ್ಪ ಒಲೆಯ ಬೂದಿಯಲ್ಲಿ ಹೂತಿಟ್ಟ ಗೆಣಸನ್ನು ಕಡ್ಡಿಯಿಂದ ಹೊರಳಿಸುತ್ತ ಕೇಳುತ್ತಿದ್ದ. ಕಥೆಯ ಕೊನೆಗೆ ಅವನದು ಒಂದೇ ಮಾತು: "ಬತ್ತಾಳೆ ಬುಡು."

ಬರಬರುತ್ತ ಕಡ್ಡಿ ಜಟಕಾದ ಆಟಕ್ಕೂ ಸೇರಿದೆ. ಕುದುರೆಯಾಗಲೂ ಒಪ್ಪಿದೆ.

ಕೊನೆಯ ಕಂತಿನ ಭಾನುವಾರ ಇಡೀ ಊರು ಪಡಸಾಲೆಯಲ್ಲಿತ್ತು. ಶುರುವಾಗುವ ಮುಂಚೆ ಕರೆಂಟು ಹೋಯಿತು. ಕರೆಂಟಿನವರ ವಂಶವನ್ನೆಲ್ಲ ಜಾಲಾಡಿ ಜನ ಮನೆಗೆ ಹೋದರು. ನಾನು ಅಲ್ಲೇ ಕೂತಿದ್ದೆ. ಮಾರನೆಯ ದಿನ ದೊಡ್ಡಪ್ಪ ಪಿರಿಯಾಪಟ್ಟಣಕ್ಕೆ ಹೋಗಿ, ಅಲ್ಲಿ ನೋಡಿದವರನ್ನು ವಿಚಾರಿಸಿಕೊಂಡು ಬಂದರು.

"ಬಂದ್ಲಂತೆ ಕಣವ್ವ! ಬಸ್ಸಿಳಿದ್ಲಂತೆ, ಕೈಲೊಂದು ಗಂಟು. ಹುಡ್ಗಿ ಲಗಾಮು ಬಿಸಾಕ್ಬುಟ್ಟು ಓಡೋದ್ಲಂತೆ."

ಒಂದೇ ಉಸಿರಿಗೆ ಬ್ಯಾರನ್ನಿಗೆ ಓಡಿದೆ. ಅಪ್ಪ ಎಲ್ಲ ಕೇಳಿ, "ನಾ ಯೋಳ್ಲಿಲ್ವಾ?" ಎಂದ. ಬೂದಿಯಿಂದ ಗೆಣಸು ತೆಗೆದು, ಮುರಿದು, ದೊಡ್ಡ ಚೂರು ನನಗೆ ಕೊಟ್ಟ.

ಆ ಅಪ್ಪ ಕಳೆದ ಮಾಗಿಯಲ್ಲಿ ತೀರಿಕೊಂಡ. ನನಗೆ ಅಳು ಬರಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದೆ, ಬಂದವರಿಗೆ ಎಲೆ ಹಾಕಿದೆ, ಹುಣಸೂರಿಗೆ ವಾಪಸು ಬಂದು ಹೊಲಿಗೆ ಯಂತ್ರದ ಮುಂದೆ ಕೂತೆ. ಮದುವೆ ಬ್ಲೌಸುಗಳ ಕಾಲ, ಕೈ ತುಂಬ ಕೆಲಸ. "ಗಟ್ಟಿಗಿತ್ತಿ ಬುಡು," ಎಂದರು ಜನ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಏನೂ ಅನ್ನಿಸುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದು ಬಾಯಿಗೆ ಗೊತ್ತಾಗುತ್ತಿರಲಿಲ್ಲ. ಸೂಜಿ ಬೆರಳಿಗೆ ಹೊಕ್ಕರೆ ರಕ್ತ ಕಂಡ ಮೇಲೆ ತಿಳಿಯುತ್ತಿತ್ತು. ಮನೆಯಲ್ಲಿ ಮಾತು ಎಷ್ಟು ಬೇಕೋ ಅಷ್ಟೇ: ಊಟಕ್ಕೆ ಬಾ, ಬಾಗಿಲು ಹಾಕು.

ಮಗಳು ಸಿಂಚನ ಹತ್ತನೇ ಕ್ಲಾಸು. ಒಂದು ದಿನ ಮೊಬೈಲು ಹಿಡಿದು ಬಂದಳು.

"ಅಮ್ಮಾ, ನೀನು ಯಾವಾಗ್ಲೂ ಹೇಳ್ತಿದ್ದೆಯಲ್ಲ ಜಟಕಾ ಸೀರಿಯಲ್ಲು, ಇದೇನಾ ನೋಡು. ಯಾರೋ ಹಳೇ ಕ್ಯಾಸೆಟ್ಟಿಂದ ಹಾಕಿದಾರೆ."

ಅದೇ. ಬಣ್ಣ ಮಾಸಿತ್ತು, ಗೆರೆಗಳು ಓಡುತ್ತಿದ್ದವು. ಆದರೆ ಅವೇ ಎರಡು ಜಡೆ. ಅದನ್ನು ನೋಡಿದರಾದರೂ ಒಳಗೆ ಏನಾದರೂ ಅಲ್ಲಾಡೀತೇ ಎಂಬ ಒಂದೇ ಆಸೆಯಿಂದ ಕೂತೆ.

ನನ್ನ ಹಿಂದಿ ಪರೀಕ್ಷೆಯಲ್ಲಿ ಪಾಸಾಗುವಷ್ಟಕ್ಕೇ ಇದ್ದದ್ದು, ಅದೂ ತುಕ್ಕು ಹಿಡಿದಿದೆ. ಸಿಂಚನಳಿಗೆ ಹಿಂದಿ ನೀರು ಕುಡಿದಷ್ಟು ಸುಲಭ. "ಏನಂದ? ಈಗೇನಂದ?" ಎಂದು ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಶುರುವಿನಲ್ಲಿ ಅವಳಿಗೆ ಬೇಸರ. "ಎಷ್ಟು ನಿಧಾನ ಅಮ್ಮ ಇದು! ಕುದುರೆ ನಡೆಯೋದನ್ನೇ ಇಷ್ಟೊತ್ತು ತೋರಿಸ್ತಾರೆ," ಎಂದಳು. ಒಂದು ಕಡೆ ತಟ್ಟನೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಏನಾಯ್ತು?"

"ಏನಿಲ್ಲ. ಅವರಮ್ಮ ತವರುಮನೆಗೆ ಹೋಗಿದಾಳಂತೆ."

"ನಾನು ಹೇಳಿರಲಿಲ್ವಾ?" ಎಂದೆ. ಆಮೇಲೆ ಪಡಸಾಲೆ, ದೊಡ್ಡಪ್ಪನ ಮೀಸೆ, ಕಡ್ಡಿ ಜಟಕಾ, ಗೆಣಸು, ಎಲ್ಲ ಹೇಳುತ್ತ ಹೋದೆ. ವಾರ ವಾರ ಹೀಗೇ ನಡೆಯಿತು. ನೋಡುವುದಕ್ಕಿಂತ ನಾನು ಹೇಳುತ್ತಿದ್ದುದೇ ಹೆಚ್ಚು. ಅವಳು ಫೋನು ಬದಿಗಿಟ್ಟು ಕೇಳುತ್ತಿದ್ದಳು.

ಮಧ್ಯದ ಒಂದು ಕಂತಿನಲ್ಲಿ ಮುದುಕನೊಬ್ಬ ಜಟಕಾ ಹತ್ತಿದ. ಹುಡುಗಿಯನ್ನು ಅದೇ ಪ್ರಶ್ನೆ ಕೇಳಿದ. ಅವಳು ಅದೇ ರೀತಿ ಬೆರಳೆತ್ತಿದಳು, ಈ ಸಲ ಬಾಯಲ್ಲೂ ಹೇಳಿದಳು. ಎರಡೇ ಶಬ್ದ. ಅಷ್ಟು ಹಿಂದಿ ನನಗೂ ಬರುತ್ತದೆ. ಸತ್ತುಹೋದಳು, ಎಂದಿದ್ದಳು ಹುಡುಗಿ.

ಸಿಂಚನ ನನ್ನ ಕಡೆ ತಿರುಗಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಫಸ್ಟ್ ಎಪಿಸೋಡಲ್ಲೇ ಹೇಳ್ತಾರಮ್ಮ."

"ಮತ್ತೆ ಯಾಕೆ ಸುಳ್ಳು ಹೇಳ್ದೆ?"

ಅವಳು ದಿಂಬಿನ ದಾರ ಎಳೆಯುತ್ತ ಕೂತಳು. "ತಾತ ಹೋದಮೇಲೆ ನೀನು ಮಾತೇ ಆಡ್ತಿರಲಿಲ್ಲ. ಇದನ್ನ ನೋಡ್ವಾಗ ಮಾತ್ರ ಮಾತಾಡ್ತಿದ್ದೆ," ಎಂದಳು.

ನಾನು ಎದ್ದು ಹೋಗಿ ಊರಿಗೆ ಫೋನು ಮಾಡಿದೆ. ಮಿಲ್ಟ್ರಿ ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು, ದೊಡ್ಡವ್ವ ಇದ್ದಾಳೆ. ಕಿವಿ ಮಂದ, ನೆನಪು ಚುರುಕು. ವಿಷಯ ಹೇಳಿದೆ.

"ಅಯ್ಯೋ, ಈಗ ಗೊತ್ತಾಯ್ತಾ ನಿಂಗೆ?" ಎಂದು ನಕ್ಕಳು. "ನಿಮ್ಮಪ್ಪ ಅವತ್ತು ಸಂಜೆ ಒಲೆ ಬುಟ್ಟು ಓಡ್ಬಂದಿದ್ದ ಕಣವ್ವ. ಬ್ಯಾರನ್ನು ಉರೀತಿರೋವಾಗ ಅವ್ನು ಒಲೆ ಬುಟ್ಟು ಎದ್ದಿದ್ದು ಅದೊಂದೇ ಸಲ. ಜಗಲಿ ಮ್ಯಾಲೆ ಕುಂತ್ಕಂಡು, 'ಅಣ್ಣ, ಮಗ ಮಾತಾಡ್ತು. ಜಟಕಾ ಹುಡ್ಗಿ ಅವ್ವ ತವರಿಗೋಗವ್ಳೆ ಅಂದ್ಬುಟ್ಟಿವ್ನಿ. ನೀವೂ ಅಂಗೇ ಯೋಳಿ,' ಅಂತ ಕಣ್ಣೀರ್ ಹಾಕ್ಕೊಂಡ. ಇವ್ರು ಅಂಗೇ ಯೋಳುದ್ರು. ದೊಡ್ಡೋರ್ಗೆಲ್ಲ ಗೊತ್ತಿತ್ತು, ಮಕ್ಳ ಮುಂದೆ ಒಬ್ರೂ ಬಾಯಿ ಬುಡ್ನಿಲ್ಲ."

"ಕೊನೇ ದಿನ ಕರೆಂಟು ಹೋಯ್ತಲ್ಲ ದೊಡ್ಡವ್ವ?"

"ಯಾವ ಕರೆಂಟು? ಇವ್ರೇ ಫ್ಯೂಸ್ ಕಿತ್ತು ಜೇಬಲ್ಲಾಕ್ಕೊಂಡಿದ್ರು. ಅವತ್ತು ಆ ತಾಯಿ ತಿಥಿ ಮಾಡ್ತಾರೆ ಅಂತ ಇಂದ್ಲ ವಾರನೇ ಟಿ.ವಿ.ಲಿ ಯೋಳಿದ್ರಂತೆ. ಪೋಟಕ್ಕೆ ಹಾರ ಹಾಕುದ್ರೆ ಅರ್ಥ ಆಗೋಕೆ ಹಿಂದಿ ಬೇಕಾ?"

ಅಪ್ಪ ಒಲೆ ಬಿಟ್ಟು ಎದ್ದು ಬಂದಿದ್ದ. ಆ ಸಲದ ಸೊಪ್ಪು ಕಪ್ಪಾಗಿತ್ತೇನೋ, ಯಾರಿಗೆ ಗೊತ್ತು. ಕೇಳೋಣವೆಂದರೆ ಅವನಿಲ್ಲ. ನನಗೆ ಆಗಲೂ ಅಳು ಬರಲಿಲ್ಲ. ಆದರೆ ಹೊಟ್ಟೆ ಹಸಿಯಿತು, ಎಷ್ಟೋ ತಿಂಗಳಾದ ಮೇಲೆ. ತಟ್ಟೆಗೆ ಅನ್ನ ಹಾಕಿಕೊಂಡು ನಿಂತೇ ತಿಂದೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.

ಈಗ ಯಾವ ಭಾಷೆಯದನ್ನು ಹಾಕಿದರೂ ತೆರೆಯ ಕೆಳಗೆ ಅಕ್ಷರ ಬರುತ್ತದೆ. ಯಾರೂ ಯಾರನ್ನೂ 'ಏನಂದ' ಎಂದು ಕೇಳಬೇಕಾಗಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಫೋನು. ಒಳ್ಳೆಯದೇ, ನಾನೇನು ಬೈಯುವುದಿಲ್ಲ. ಆದರೆ ಒಂದು ಮೂರನೇ ಕ್ಲಾಸಿನ ಹುಡುಗಿ ಮಾತಾಡಲಿ ಎಂದು ಊರಿಗೆ ಊರೇ ಕಥೆ ಬದಲಾಯಿಸಿಕೊಂಡು ಸುಮ್ಮನೆ ಕೂತಿದ್ದ ಆ ಪಡಸಾಲೆ ಈಗಿಲ್ಲ. ಬ್ಯಾರನ್ನಿನ ಚಾವಣಿ ಕುಸಿದಿದೆ, ಒಲೆಯ ಬಾಯಲ್ಲಿ ಗಿಡ ಎದ್ದಿದೆ. ಬತ್ತಾಳೆ ಬುಡು ಎಂದು ಹೇಳುವ ಬಾಯಿ ಇಲ್ಲ.

ಫ್ಯೂಸಿನ ವಿಷಯವನ್ನು ನಾನು ಸಿಂಚನಳಿಗೆ ಹೇಳಲಿಲ್ಲ. ಉಳಿದ ಕಂತುಗಳನ್ನು ಇಬ್ಬರೂ ಕೂತು ನೋಡಿದೆವು. ಕಳೆದ ಭಾನುವಾರ ಕೊನೆಯದಕ್ಕೆ ಮುಂಚಿನದು ಮುಗಿಯಿತು. ಅಪ್ಪನ ವರ್ಷದ ತಿಥಿ ಹತ್ತಿರ ಬಂದಿದೆ, ಅವನ ಫೋಟೋಗೆ ಕಟ್ಟು ಹಾಕಿಸಿ ತಂದು ಗೋಡೆಗೆ ಒರಗಿಸಿಟ್ಟಿದ್ದೇನೆ. ಸಿಂಚನ ಒಮ್ಮೆ ಅದರ ಕಡೆ ನೋಡಿದಳು. ಕೊನೆಯ ಕಂತು ಅವಳ ಫೋನಿನ ತೆರೆಯ ಮೇಲೆ, ಹೆಬ್ಬೆರಳಿನ ಕೆಳಗೇ ಇತ್ತು. ನನಗೆ ಕಾಣುತ್ತಿತ್ತು.

"ಅಮ್ಮಾ, ಕೊನೇದು ಯಾರೂ ಹಾಕೇ ಇಲ್ಲ," ಎಂದು ಫೋನು ಮಗುಚಿಟ್ಟಳು.

ಅವಳ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡೆ. ಬೆರಳಿಗೆ ಅವಳ ಕೂದಲು ತಿಳಿಯುತ್ತಿತ್ತು.

"ಹೋಗ್ಲಿ ಬುಡವ್ವ," ಎಂದೆ. "ಬಂದಿರ್ತಾಳೆ."